ಚಾಚಾನ ಮಸ್ಕತ್

ಹೋದ ತಿಂಗಳು ಮಂಗಳೂರಿನಲ್ಲಿ ಖರ್ಜೂರ ಮಾರುವ ಅಂಗಡಿಯೊಂದಕ್ಕೆ ಹೋಗಿದ್ದೆ. ಗಾಜಿನ ಭರಣಿಯಲ್ಲಿ ಒಣಗಿ ಕಲ್ಲಾದ ಕಪ್ಪು ಲಿಂಬೆಹಣ್ಣುಗಳಿದ್ದವು. "ಲೂಮಿ," ಎಂದು ಅಂಗಡಿಯವನು ಮುಚ್ಚಳ ತೆಗೆದ. ಹುಳಿ, ಹೊಗೆ, ಸ್ವಲ್ಪ ಕಹಿ... ಮುಚ್ಚಿಬಿಡು ಎಂದೆ. ಆದರೂ ಕಾಲು ಕಿಲೋ ಕಟ್ಟಿಸಿಕೊಂಡು ಬಂದೆ.

ಕೊಪ್ಪದ ಪಕ್ಕ ಬಾಳಗಡಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದ್ದಾಗ ಅದಕ್ಕೆ ತಾಗಿಕೊಂಡೇ, ಊರವರೆಲ್ಲ ಚಾಚಾ ಎನ್ನುತ್ತಿದ್ದವರ ಹೋಟೆಲ್ ಇತ್ತು. ಹದಿನಾಲ್ಕು ವರ್ಷ ಮಸ್ಕತ್ತಿನ ಅಡುಗೆಮನೆಗಳಲ್ಲಿ ದುಡಿದು, ಮಂಡಿ ಹಾಳಾದ ಮೇಲೆ ಊರಿಗೆ ಮರಳಿದವರು ಅವರು. ಕಾಲೇಜು ಹುಡುಗರಿಗೆ ಪರೋಟ ಮಾಡಿಕೊಡುತ್ತಿದ್ದರು. ಕೈ ಕಾವಲಿಯ ಮೇಲಿದ್ದರೂ ಮಾತು ಮಾತ್ರ ಆ ಊರಿನದೇ.

"ಮೊದಲ್ನೇ ವರ್ಷ ಆ ಊರನ್ನ ಬೈಕೊಂಡೇ ಪಾತ್ರೆ ತೊಳ್ದೆ ಮಾರಾಯ್ತಿ," ಎನ್ನುತ್ತಿದ್ದರು. "ಒಂದು ಶುಕ್ರವಾರ ಪಕ್ಕದ್ಮನೆ ಅಜ್ಜ ಕರ್ದು, ಒಂದೇ ತಟ್ಟೇಲಿ ಐದು ಜನರ ಜೊತೆ ಕೂರ್ಸಿ ಅನ್ನ ಇಟ್ಟ. ಅದಕ್ಕೆ ಲೂಮಿ ಹಾಕಿದ್ರು. ಅವತ್ತಿಂದ ಆ ಊರು ನಂದಾಯ್ತು."

ಆಮೇಲೆ ಬೆಳಗಿನ ಮೀನು ಮಾರ್ಕೆಟ್ಟು, ಏಲಕ್ಕಿ ಹಾಕಿದ ಕಾಫಿ, ಜೊತೆಗೆ ಬಿಸಿ ಹಲ್ವ, ಸಮುದ್ರದ ದಂಡೆಯಲ್ಲಿ ಸಂಜೆಯ ನಡಿಗೆ... ನಾನು ಮಿಷನ್ ನಿಲ್ಲಿಸಿ ಕೇಳುತ್ತಿದ್ದೆ. ಲೂಮಿ ಎಂದರೆ ಯಾವುದೋ ಮಸಾಲೆ ಬೀಜ ಇರಬೇಕೆಂದುಕೊಂಡಿದ್ದೆ. ಏನೆಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ!

ಅವರ ಹೆಂಡತಿಗೆ, ನಮ್ಮ ಚಾಚಿಗೆ, ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಹದಿನಾಲ್ಕು ವರ್ಷ ಒಬ್ಬರೇ ಮಕ್ಕಳನ್ನು ಸಾಕಿದವರು. ಹೋಟೆಲಿಗೆ ಮಸಾಲೆ ಅರೆಯಲು ಬಂದಾಗಲೆಲ್ಲ, "ಅದು ಊರಲ್ಲ, ನನ್ನ ಸವತಿ," ಎನ್ನುತ್ತಿದ್ದರು.

ಒಂದು ಆಷಾಢದಲ್ಲಿ ಹಳೆಯ ಗೆಳೆಯನೊಬ್ಬ ರಜೆಗೆ ಬರುವಾಗ ಚಾಚಾನಿಗೆ ಲೂಮಿ ತಂದುಕೊಟ್ಟ. ಶುಕ್ರವಾರ ಆ ಅನ್ನ ಮಾಡುವುದೆಂದಾಯಿತು. ಮೊದಲ ತುತ್ತು ಚಾಚಿಯದು. "ಒಂದ್ಸಲ ತಿಂದ್ರೆ ಸಾಕು, ನಾನು ಅಲ್ಲಿ ಯಾಕೆ ಉಳ್ದೆ ಅಂತ ಅವ್ಳಿಗೂ ಗೊತ್ತಾಗ್ತದೆ," ಎಂದರು. ಅವರ ಕಣ್ಣಲ್ಲಿ ಅಷ್ಟು ಆಸೆಯನ್ನು ನಾನು ಬೇರೆ ಯಾವತ್ತೂ ಕಂಡಿರಲಿಲ್ಲ.

ಗುರುವಾರ ಅವರು ಶೃಂಗೇರಿಗೆ ಹೋಗುವಾಗ ಒಲೆ ಆರದಂತೆ ನೋಡಿಕೋ ಎಂದು ಕೀಲಿ ಕೊಟ್ಟರು. ಒಳಗೆ ಹೋದರೆ, ಒಲೆಯ ಮೇಲಿನ ಹಲಗೆಯಲ್ಲಿ ಒಂದು ತಟ್ಟೆ, ಅದರ ತುಂಬ ಕಪ್ಪಾದ ಲಿಂಬೆಹಣ್ಣುಗಳು. ಆಷಾಢದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕಪ್ಪಾದದ್ದು ಕಂಡರೆ ಎಸೆಯುವುದು ಕೈಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಹಿಂದಿನ ಹಳ್ಳಕ್ಕೆ ಸುರಿದು, ತಟ್ಟೆ ತೊಳೆದು ಬೋರಲು ಹಾಕಿದೆ. ಉಪಕಾರ ಮಾಡಿದೆನೆಂದು ಬೀಗಿದೆ ಕೂಡ.

ಸಂಜೆ ಚಾಚಾ ಬಂದು, "ಇಲ್ಲಿದ್ದ ಲೂಮಿ ಎಲ್ಲಿ?" ಎಂದರು. ಆಗ ಗೊತ್ತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಅವಳದ್ದೇ ಕೆಲ್ಸ," ಎಂದರು. ನಾನು ಸುಮ್ಮನಾದೆ. ಹೆದರಿಕೆಯಿಂದಲ್ಲ. ಬಚಾವಾದೆ ಎಂದು ಹಾಯೆನಿಸಿತ್ತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಸ್ಕತ್ತಿನ ಮಾತು ಅಲ್ಲಿಗೆ ನಿಂತಿತು. ಚಾಚಾ ಮನೆಯಲ್ಲಿ ಉಣ್ಣುವುದನ್ನೂ ಬಿಟ್ಟರು, ಹೋಟೆಲಿನ ಬೆಂಚಿನ ಮೇಲೆ ಒಬ್ಬರೇ ಕೂತು ತಿನ್ನುತ್ತಿದ್ದರು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ... ಏಳು ವರ್ಷ ಹೀಗೇ ಕಳೆದೆ. ಅಷ್ಟರಲ್ಲಿ ಅವರು ತೀರಿಕೊಂಡರು.

ಮಂಗಳೂರಿನಿಂದ ಬಂದ ಮರುದಿನ ಪೊಟ್ಟಣ ಹಿಡಿದು ನರಸಿಂಹರಾಜಪುರಕ್ಕೆ ಹೋದೆ. ಚಾಚಿ ಈಗ ಅಲ್ಲಿ ಮಗಳ ಜೊತೆ ಇದ್ದಾರೆ. ಎಲ್ಲವನ್ನೂ ಹೇಳಿದೆ.

"ನಾನಲ್ಲ ಅಂತ ಎರಡು ತಿಂಗಳು ಹೇಳ್ದೆ. ನಂಬ್ಲಿಲ್ಲ ಅವ್ರು," ಎಂದರು. "ಜಗಳ ಮುಗೀಲಿ ಅಂತ, ಹೌದು ನಾನೇ ಎಸ್ದೆ ಅಂತ ಒಪ್ಕೊಂಡೆ. ಆಮೇಲೆ ಸಾಯೋವರೆಗೂ ನನ್ನ ಕೈಯಿಂದ ಒಂದು ಲೋಟ ನೀರು ತಗೊಳ್ಲಿಲ್ಲ."

ತಪ್ಪಾಯಿತು ಎಂದೆ. ಚಾಚಿ ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದರು. ಚಹಾ ಕುಡಿದು ಹೋಗು ಎಂದು ಅವರು ಹೇಳದೆ ಇದ್ದದ್ದು ಅದೇ ಮೊದಲು.