ಕಾಕಾನ ಎದೆಮಟ್ಟ

ಭೂಮಿಯ ಬಿಸಿ ಏರದಂತೆ ತಡೆಯಬೇಕಾದರೆ ಇಂಗಾಲದ ಹೊಗೆಯನ್ನು ಯಾವ ವರ್ಷ ಎಷ್ಟು ಇಳಿಸಬೇಕು ಎಂದು ಲೆಕ್ಕ ಹಾಕಿ, ಒಂದೊಂದು ದಾರಿಯನ್ನೂ ಗ್ರಾಫಿನಲ್ಲಿ ಗೆರೆಯಾಗಿ ಎಳೆಯುವುದು ನನ್ನ ಕೆಲಸ. ಅದರಲ್ಲಿ ಒಂದು ಗೆರೆ ಕಾಡಿನದು, ಮರಗಳು ಎಷ್ಟು ಹೊಗೆ ಕುಡಿಯುತ್ತವೆ ಎಂಬುದು. ಅದಕ್ಕಾಗಿ ವರ್ಷಕ್ಕೊಮ್ಮೆ ದಾಂಡೇಲಿ ಬಳಿಯ ಕುಳಗಿ ಕಾಡಿನಲ್ಲಿ ಅವೇ ನಲವತ್ತು ನಂದಿ ಮರಗಳ ಸುತ್ತಳತೆ ತೆಗೆಯುತ್ತೇವೆ. ಆರು ವರ್ಷ ಟೇಪು ಹಿಡಿದವರು ಹಳಿಯಾಳದ ಕಡೆಯ ಒಬ್ಬ ಕಾಕಾ, ಆರಡಿ ಆಳು.

ಅಳತೆಕೋಲು ನೆಲಕ್ಕೆ ಊರಿ, ಅದರ ತುದಿಯ ಎತ್ತರದಲ್ಲೇ ಟೇಪು ಸುತ್ತಬೇಕು. ಅದಕ್ಕೆ ಎದೆಮಟ್ಟ ಎನ್ನುತ್ತಾರೆ. ಕಾಕಾ ಕೋಲನ್ನು ಜೀಪಿನಲ್ಲೇ ಬಿಟ್ಟು ತಮ್ಮ ಎದೆಯ ಮಟ್ಟಕ್ಕೇ ಟೇಪು ಹಿಡಿದು, ಅಲ್ಲೇ ಬಣ್ಣದ ಗುರುತು ಹಚ್ಚುತ್ತಿದ್ದರು. ತಲೆ ತಗ್ಗಿಸಿ ಅಂಕಿ ಬರೆದುಕೊಳ್ಳುತ್ತಿದ್ದ ನನಗೆ ಇದು ಗೊತ್ತಾದದ್ದು ಆರನೆಯ ವರ್ಷ! ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

“ಇದೇನ್ ಕಾಕಾ, ನಿಮ್ಮ ಎದಿ ಏನ್ ಸರಕಾರಿ ಅಳತೀನ?”

“ಎದಿಮಟ್ಟ ಅಂದೋರು ನೀವ ಅಲ್ರಿ ಅಕ್ಕಾರ? ಕೋಲು ಮರ್ತು ಬರಬಹುದು, ಇದನ್ನ ಹೆಂಗ ಮರೀಲಿ?” ಎಂದು ಎದೆ ತಟ್ಟಿಕೊಂಡು ನಕ್ಕರು.

ನಾನು ನಗಲಿಲ್ಲ. ದಾಂಡೇಲಿ ಬರುವವರೆಗೂ ಮುಖ ಗಂಟು ಹಾಕಿಕೊಂಡೇ ಕೂತೆ. ಆ ಮಳೆಗಾಲದಲ್ಲಿ ಜ್ವರ ಬಂದು ಕಾಕಾ ಹೋಗಿಬಿಟ್ಟರು. ಅವರು ನನ್ನನ್ನು ಕೊನೆಯ ಸಲ ನೋಡಿದ್ದು ಆ ಹಾಳು ಮುಖದಲ್ಲಿ. ಒಂದೇ ಒಂದು ಸಲ ಅವರ ಜೊತೆ ನಕ್ಕಿದ್ದರೆ ಎಂದು ಈಗಲೂ ಅನಿಸುತ್ತದೆ.

ಮರುವರ್ಷ ಹೋದರೆ, ನಂದಿ ಮರಗಳು ತೊಗಟೆಯ ಜೊತೆ ಕಾಕಾ ಹಚ್ಚಿದ್ದ ಬಣ್ಣದ ಗುರುತನ್ನೂ ಉದುರಿಸಿಕೊಂಡಿದ್ದವು. ಅವರ ಎದೆ ಎಷ್ಟೆತ್ತರ ಇತ್ತೆಂದು ತಿಳಿದು ಅದೇ ಎತ್ತರದಲ್ಲಿ ಅಳೆಯದಿದ್ದರೆ ಆರೂ ವರ್ಷದ ಅಳತೆಯನ್ನು ಬಿಟ್ಟುಬಿಡಬೇಕು. ಕಾಕಾನ ಆರು ವರ್ಷ ಬಿಡಲು ನನಗೆ ಮನಸ್ಸಾಗಲಿಲ್ಲ. ಅವರ ಮನೆಗೆ ಹೋಗಿ ಹೆಂಡತಿ ಕಾಕುವಿನ ಮುಂದೆ ಎಲ್ಲ ಹೇಳಿಕೊಂಡೆ. ಕಾಕು ಗಿಡ್ಡ ಹೆಂಗಸು.

“ಅದನ್ನೇನ್ ಕೇಳ್ತೀರಿ? ನನ್ನ ಹಣಿ ಹತ್ತತಿತ್ತಲ್ಲ ಅವರ ಎದಿಗೆ. ನಡೀರಿ, ತೋರಸ್ತೇನಿ.”

ಕಾಡಿನಲ್ಲಿ ಮೊದಲನೆಯ ಮರದ ಮುಂದೆ ಚಪ್ಪಲಿ ಬಿಟ್ಟು, ನುಣ್ಣನೆಯ ಕಾಂಡಕ್ಕೆ ಹಣೆ ಆನಿಸಿ ನಿಂತರು. ಹಣೆಯ ಪಕ್ಕ ಸೀಮೆಸುಣ್ಣದ ಗೆರೆ ಎಳೆದು “ಆತ್ರಿ ಕಾಕು” ಎಂದೆ. ಅವರು ಕದಲಲಿಲ್ಲ.

ಅವರು ಹಣೆ ತೆಗೆದ ಮೇಲೆ ಗೆರೆಯ ಉದ್ದಕ್ಕೂ ಟೇಪು ಸುತ್ತಿದೆ. ಹಿಂದಿನ ವರ್ಷ ಕಾಕಾ ಓದಿ ಹೇಳಿದ್ದ ಅಂಕಿಗಿಂತ ಚೂರೇ ಚೂರು ಹೆಚ್ಚು. ಮರ ವರ್ಷಕ್ಕೆ ಬೆಳೆಯುವುದೂ ಅಷ್ಟೇ.

“ಸರಿ ಬಂತ್ರಿ! ಕೋಲಿನ ಮ್ಯಾಲ ಗುರ್ತು ಹಾಕ್ಕೋತೇನಿ. ಉಳದದ್ದು ನಾನ ಅಳೀತೇನಿ, ನೀವು ಕೂಡ್ರಿ.”

“ಇನ್ನ ಎಷ್ಟು ಗಿಡ ಅದಾವ್ರಿ?”

“ಮೂವತ್ತೊಂಬತ್ತು.”

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಆ ಕೋಲು ಜೀಪಿನ್ಯಾಗ ಇಟ್ಟ ಬರ್ರಿ,” ಎಂದು ಎರಡನೆಯ ಮರದ ಕಡೆ ನಡೆದರು.