ಹದಿನಾಲ್ಕು ಗುಳಿಯ ಊಟ

ಬೇಲೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹನುಮಮ್ಮ ಅಡುಗೆಗೆ ಸೇರಿ ಹನ್ನೆರಡು ವರ್ಷವಾಗಿತ್ತು. ಅವಳು ಕಟ್ಟಿದ ಮುದ್ದೆಯಲ್ಲಿ ಒಂದೇ ಒಂದು ಗಂಟು ಹುಡುಕಿ ತೋರಿಸುವವರು ಇನ್ನೂ ಹುಟ್ಟಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು. ಆ ಜಂಬವನ್ನು ಮುಚ್ಚಿಡುವ ಪೈಕಿಯೂ ಅಲ್ಲ ಅವಳು.

2001ರ ಶ್ರಾವಣದಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದು ಬಡಕಲು ಹೆಣ್ಣುನಾಯಿ ಬಂದು ಹಿತ್ತಲಲ್ಲಿ ಬಿದ್ದುಕೊಂಡಿತು. ಮೈಬಣ್ಣ ನೋಡಿ ಕೆಂಚಿ ಎಂದು ಹೆಸರಿಟ್ಟದ್ದಾಯಿತು. ಮುದ್ದೆ ಹಾಕಿದರೆ ಇಡಿಯಾಗಿ ಗುಳುಂ ಮಾಡುತ್ತಿತ್ತು.

"ಮುದ್ದೆ ಅಗೀಬಾರ್ದು, ನುಂಗ್ಬೇಕು ಅಂತ ನಿಮ್ಗೆ ಎಷ್ಟು ಬಡ್ಕಂಡೆ? ನೋಡ್ರಮ್ಮ, ಇದು ಒಂದೇ ದಿನಕ್ಕೆ ಕಲ್ತೈತೆ" ಎಂದು ಹನುಮಮ್ಮ ಹುಡುಗಿಯರ ಮುಂದೆ ಹೊಗಳಿ, ಮುದ್ದೆಯನ್ನು ಇನ್ನಷ್ಟು ಗುಂಡಗೆ, ನುಣ್ಣಗೆ ಕಟ್ಟಿ ಹಾಕತೊಡಗಿದಳು. ತಪ್ಪಾಗಿದ್ದು ಅಲ್ಲೇ.

ನುಂಗಿದ್ದನ್ನೆಲ್ಲ ಕೆಂಚಿ ಜಗುಲಿಯ ಮೇಲೆ ಕಾರಿಕೊಳ್ಳುತ್ತಿತ್ತು. ಒಂದು ದಿನ ಮುದ್ದೆ ಗಂಟಲಿಗೆ ಸಿಕ್ಕಿ ಕಣ್ಣು ಮೇಲೆ ಮಾಡಿತು. ಹನುಮಮ್ಮ ಬಾಯೊಳಗೆ ಕೈ ಹಾಕಿ ಎಳೆದು ಉಳಿಸಿದಳು. ವಾರ್ಡನ್ ಕಮಲಾಕ್ಷಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದು ಸಲ ಜಗುಲಿ ಗಲೀಜಾದ್ರೆ ನಾಯಿ ಹಿಡಿಯೋರಿಗೆ ಕೊಟ್ಬಿಡ್ತೀನಿ, ಹನುಮಮ್ಮ."

ಕೆಂಚಿಯ ಅವಸರ ಹನುಮಮ್ಮನಿಗೆ ಹೊಸದಾಗಿರಲಿಲ್ಲ. ಮಾದಿಹಳ್ಳಿಯಲ್ಲಿ ಕೂಲಿಗೆ ಹೋಗುತ್ತಿದ್ದ ವಯಸ್ಸಿನಲ್ಲಿ, ಹೊಲದ ಯಜಮಾನರು ಕೂಗುವುದರೊಳಗೆ ಕೊಟ್ಟಿಗೆಯ ಮೂಲೆಯಲ್ಲಿ ಉಂಡು ಏಳಬೇಕಿತ್ತು. ಇವತ್ತಿಗೂ ಅವಳು ಒಲೆಯ ಪಕ್ಕ ನಿಂತೇ ನಾಲ್ಕು ತುತ್ತು ನುಂಗಿ ಕೈ ತೊಳೆಯುವವಳು.

ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಒಂದೇ ಉಸಿರಿಗೆ ಖಾಲಿ. ತಟ್ಟೆಯ ನಡುವೆ ಕಲ್ಲಿಟ್ಟಳು. ಕೆಂಚಿ ಕಲ್ಲನ್ನೇ ನುಂಗಲು ಹೋಯಿತು. ಕೊನೆಗೆ ಟ್ರಂಕಿನ ತಳದಿಂದ ಅವ್ವ ಕೊಟ್ಟಿದ್ದ ಅಳಗುಳಿಮಣೆ ತೆಗೆದಳು. ಹಲಸಿನ ಮರದ್ದು, ಎರಡು ಸಾಲು, ಹದಿನಾಲ್ಕು ಗುಳಿ. ಹುಣಸೆಬೀಜ ಹಿಡಿದು ಅದರ ಮುಂದೆ ಕೂತರೆ ಊರಲ್ಲಿ ಅವಳನ್ನು ಸೋಲಿಸಿದವರೇ ಇಲ್ಲ. "ಬೈಕಬ್ಯಾಡ ಕಣವ್ವ" ಎಂದುಕೊಂಡು ಒಂದೊಂದು ಗುಳಿಗೂ ಚೂರು ಚೂರು ಮುದ್ದೆ ಮೆತ್ತಿದಳು.

ಕೆಂಚಿ ಬಾಯಿ ಹಾಕಿತು, ಸಿಗಲಿಲ್ಲ. ನಾಲಿಗೆ ಹಾಕಿತು. ಅದು ಒಂದು ಸಾಲು ನೆಕ್ಕಿ ಮುಗಿಸುವಷ್ಟರಲ್ಲಿ ಹುಡುಗಿಯರೆಲ್ಲ ತಟ್ಟೆ ತೊಳೆದು ಬಂದಿದ್ದರು. "ನಿಧಾನ ಕಣೇ, ಯಾರೂ ಕಿತ್ಕಳಲ್ಲ" ಎಂದು ಹನುಮಮ್ಮ ಅದರ ಬೆನ್ನು ಸವರಿದಳು. ಅಂದು ಜಗುಲಿ ಗಲೀಜಾಗಲಿಲ್ಲ. ತಿಂಗಳು ಕಳೆದರೂ ಆಗಲಿಲ್ಲ. ಕೆಂಚಿಯ ಪಕ್ಕೆಲುಬು ಮುಚ್ಚಿ ಮೈ ಮಿರಿಮಿರಿ ಮಿಂಚತೊಡಗಿತು.

ಯಾರನ್ನೂ ಹೊಗಳಿ ಗೊತ್ತಿಲ್ಲದ ಕಮಲಾಕ್ಷಮ್ಮ ಒಂದು ಮಧ್ಯಾಹ್ನ ದನದ ಡಾಕ್ಟರನ್ನೇ ಕರೆತಂದು ಮಣೆ ತೋರಿಸಿದರು. "ಇದು ನಮ್ಮ ಹನುಮಮ್ಮನ ತಲೆ, ಡಾಕ್ಟ್ರೇ!"

ಅಡುಗೆಮನೆಯಲ್ಲಿ ನಿಂತು ಗಬಗಬ ಉಣ್ಣುತ್ತಿದ್ದ ಹನುಮಮ್ಮನಿಗೆ ಇದು ಕೇಳಿಸಿ ಹಿಗ್ಗೋ ಹಿಗ್ಗು. ಡಾಕ್ಟರನ್ನು ಕಳಿಸಿ ಒಳಗೆ ಬಂದ ಕಮಲಾಕ್ಷಮ್ಮ ಅವಳನ್ನೂ ತಟ್ಟೆಯನ್ನೂ ನೋಡಿದರು.

"ನಾಯಿಗೆ ಕಲಿಸಿದ್ರಿ. ನೀವು ಕಲಿಯೋದು ಯಾವಾಗ? ಇಲ್ಲಿ ನಿಮ್ಮನ್ನ ಕೂಗಿ ಎಬ್ಬಿಸೋರು ಯಾರಿದಾರೆ?" ಎಂದವರೇ ಊಟದ ಕೋಣೆಯ ನಟ್ಟನಡುವೆ ಚಾಪೆ ಹಾಸಿಕೊಟ್ಟರು.

ಹನುಮಮ್ಮ ಸೆರಗು ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ತಾನೇ ಕಟ್ಟಿದ ಮುದ್ದೆ ಇಷ್ಟು ರುಚಿ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಹದಿನಾಲ್ಕೂ ಗುಳಿ ಮುಗಿಸಿದ ಕೆಂಚಿ ಬಾಗಿಲಲ್ಲಿ ನಿಂತು ಬಾಲ ಆಡಿಸಿತು.

"ತಡಿಯೇ," ಅಂದಳು ಹನುಮಮ್ಮ, "ನಂದಿನ್ನೂ ಆಗಿಲ್ಲ."