ಗೌಡತಿ ಒಪ್ಪಿದ ಮಧ್ಯಾಹ್ನ

ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಿನ ಆ ಕಹಿ ವಾಸನೆ ನಿಮಗೂ ಗೊತ್ತಿರಬಹುದು. ಸಾವಿನ ಮನೆಗೆ ಹೋಗಿ ಬಂದವರಿಗೆಲ್ಲ ಗೊತ್ತಿರುವ ವಾಸನೆ ಅದು. ಕಳೆದ ತಿಂಗಳು ಕುರ್ಲಾದಲ್ಲಿ ದೊಡ್ಡವ್ವನನ್ನು ಕಳಿಸಿಕೊಟ್ಟು ವಿಕ್ರೋಳಿಯ ನಮ್ಮ ಮನೆಗೆ ಬರುವಷ್ಟರಲ್ಲಿ, ನನ್ನ ಗಂಡ ಸೊಸೈಟಿಯ ಗೇಟಿನ ಪಕ್ಕದ ಮರದಿಂದ ನಾಲ್ಕು ಕಡ್ಡಿ ಬೇವು ಮುರಿದು ತಂದು, ನೀರು ಕಾಯಿಸಿ, ಬಕೆಟ್ಟನ್ನು ಬಾತ್‌ರೂಮಿನಲ್ಲಿ ಇಟ್ಟಿದ್ದ. "ಏನೂ ಮುಟ್ಟಬ್ಯಾಡ, ಸೀದಾ ಒಳಗ ಹೋಗು" ಅಂದ. ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತೆ. ನೀರು ಮಾತ್ರ ಮುಟ್ಟಲಿಲ್ಲ. ನನ್ನ ಕೈಯಲ್ಲಿ ಒಂದು ಅರಿವೆಯ ತುಂಡು ಇತ್ತು. ಹಂಚಿನ ಮೇಲಿರುವ ರೊಟ್ಟಿಗೆ ನೀರು ಸವರಲು ದೊಡ್ಡವ್ವ ಇಟ್ಟುಕೊಳ್ಳುತ್ತಿದ್ದ ಹಳೇ ಅರಿವೆ. ಅವಳ ಅಡಿಗೆಕಟ್ಟೆಯ ಮೇಲೆ ಬಿದ್ದಿತ್ತು, ಯಾರಿಗೂ ಹೇಳದೆ ಎತ್ತಿಕೊಂಡು ಬಂದಿದ್ದೆ. ಸಾವಿನ ಮನೆಯದು, ಅದನ್ನೂ ಆ ನೀರಿಗೆ ಅದ್ದಬೇಕಾಗಿತ್ತು. ಬಕೆಟ್ಟಿನಿಂದ ಹಬೆ ಮೇಲೇಳುತ್ತಿತ್ತು. ನಾನು ಎಂಟು ವರ್ಷದ ಹುಡುಗಿಯಾಗಿ ಕುರ್ಲಾದ ಚಾಳಿನ ನಲ್ಲಿಯ ಮುಂದೆ ನಡುಗುತ್ತ ನಿಂತಿದ್ದೆ, ಎದೆಗೆ ಒಂದು ಬೆಕ್ಕಿನ ಮರಿಯನ್ನು ಅವಚಿಕೊಂಡು.

ಆ ಚಾಳು ಈಗ ಇಲ್ಲ. ಮೊದಲನೇ ಮಾಳಿಗೆಯ ಕೊನೆಯ ಖೋಲಿ ದೊಡ್ಡವ್ವನದು. ಇದ್ದದ್ದೇ ಒಂದು ಖೋಲಿ. ಒಂದು ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಇನ್ನೊಂದು ಮೂಲೆಯಲ್ಲಿ ಗ್ಯಾಸಿನ ಒಲೆ, ಗೋಡೆಯುದ್ದಕ್ಕೂ ಜೋಳದ ಹಿಟ್ಟಿನ ಚೀಲಗಳು. ದೊಡ್ಡಪ್ಪ ಟೆಂಪೋ ಓಡಿಸುತ್ತಿದ್ದ, ಮನೆಯಲ್ಲಿ ಕಾಣುತ್ತಿದ್ದದ್ದೇ ಕಡಿಮೆ. ದೊಡ್ಡವ್ವ ಬೆಳಗಾದರೆ ರೊಟ್ಟಿ ಬಡಿಯಲು ಕೂತಳೆಂದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬಿಲ್ಡಿಂಗ್ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ ಅನ್ನ ತಿಂದು ಬೇಸತ್ತು ಅವಳ ರೊಟ್ಟಿಗೆ ಕಾಯುತ್ತಿದ್ದರು. ಆ ಬಡಿತದ ಸದ್ದು ಗ್ಯಾಲರಿಯ ತುದಿಯವರೆಗೂ ಕೇಳುತ್ತಿತ್ತು, ಹಸಿ ಹಿಟ್ಟು ಹಂಚಿನ ಮೇಲೆ ಬೇಯುವ ಘಮಕ್ಕೆ ಕೆಳಗಿನವರೂ ತಲೆಯೆತ್ತಿ ನೋಡುತ್ತಿದ್ದರು. ಹೊಸ್ತಿಲ ಬಳಿ ಅವಳ ಅತ್ತೆ, ನಾನು ಆಯಿ ಅನ್ನುತ್ತಿದ್ದ ಮುದುಕಿ, ಕಾಲು ಚಾಚಿ ಕೂತಿರುತ್ತಿದ್ದಳು. ಆಯಿಗೆ ಕಣ್ಣು ಮಂಜಾಗಿದ್ದವು, ಬಾಯಿ ಮಾತ್ರ ಚುರುಕಾಗಿತ್ತು. ಹಿಟ್ಟಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಅಲ್ಲಿ ಎರಡಿದ್ದವು. ಒಂದು ಸಾವಕಾರ, ಹೊಟ್ಟೆ ನೆಲಕ್ಕೆ ತಾಗುವಂಥ ಕೆಂಚು ಗಂಡು. ಇನ್ನೊಂದು ಗೌಡತಿ. ಮೈಯೆಲ್ಲ ಕಪ್ಪು, ಒಂದು ಕಿವಿ ಹರಿದಿತ್ತು, ಮೇಲಿನ ಚೀಲದ ಮೇಲೆ ಕಾಲು ಮಡಚಿ ಕೂತು ಮನೆಯನ್ನೆಲ್ಲ ನೋಡುತ್ತಿದ್ದಳು. ದಿನದ ಮೊದಲನೇ ರೊಟ್ಟಿ ಮಾರುವಂತಿರಲಿಲ್ಲ. ಊರಿನಲ್ಲಾದರೆ ಅದು ಆಕಳಿಗೆ ಹೋಗುತ್ತಿತ್ತಂತೆ. ಕುರ್ಲಾದ ಮಾಳಿಗೆಯ ಮೇಲೆ ಆಕಳೆಲ್ಲಿಯದು? ದೊಡ್ಡವ್ವ ಹಾಲಿನಲ್ಲಿ ಮುರಿದು ಈ ಇಬ್ಬರಿಗೆ ಹಾಕುತ್ತಿದ್ದಳು.

ನನ್ನವ್ವ ದೊಡ್ಡವ್ವನ ಬೆನ್ನಿಗೆ ಬಿದ್ದ ತಂಗಿ. ಅಪ್ಪ ನನಗೆ ನೆನಪು ಬರುವ ಮೊದಲೇ ಹೋಗಿದ್ದ. ಅವ್ವ ವಿಕ್ರೋಳಿಯಲ್ಲಿ ಮನೆಗೆಲಸ ಮಾಡುತ್ತಿದ್ದಳು. ಒಂದು ಸಂಜೆ ಯಾವುದೋ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಸಿಕ್ಕಿತೆಂದು ಡಬ್ಬಿಯ ಚೀಲದಲ್ಲಿ ಈ ಮರಿಯನ್ನು ಹಾಕಿಕೊಂಡು ಬಂದಳು. ಬೂದು ಬಣ್ಣ, ಮುಷ್ಟಿಯಷ್ಟು ಮೈ, ಮೈಗೆ ಮೀರಿದ ಕಿವಿ. ಅದಕ್ಕೆ ಹೆಸರಿಡುವ ಮೊದಲೇ ಅವ್ವನಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಎಲ್ಲ ಮುಗಿದ ಮೇಲೆ ದೊಡ್ಡವ್ವ ನನ್ನನ್ನು ಲೋಕಲ್ ರೈಲಿನಲ್ಲಿ ಕರೆದುಕೊಂಡು ಬಂದಾಗ ಮರಿಯನ್ನು ನಾನು ಅವ್ವನ ನೀಲಿ ಸೀರೆಯ ತುಂಡಿನಲ್ಲಿ ಸುತ್ತಿ ಹಿಡಿದಿದ್ದೆ. ಅದಕ್ಕೂ ಸೀರೆಗೂ ಅವ್ವನ ವಾಸನೆ ಇತ್ತು. ಬಟ್ಟೆ ಸೋಪು, ಬೆವರು, ಎಲೆ ಅಡಿಕೆ ಮೂರೂ ಸೇರಿದ ವಾಸನೆ. ದಾರಿಯುದ್ದಕ್ಕೂ ಅದರಲ್ಲಿ ಮುಖ ಹುದುಗಿಸಿಕೊಂಡೇ ಇದ್ದೆ.

ಚಾಳಿಗೆ ಬಂದವಳೇ ದೊಡ್ಡವ್ವ ನನ್ನನ್ನು ಒಳಗೆ ಬಿಡಲಿಲ್ಲ. ಸೂತಕದ ಮನೆಯಿಂದ ಬಂದವರು ಹೊಸ್ತಿಲು ದಾಟುವ ಮೊದಲು ಸ್ನಾನ ಆಗಬೇಕು. ಗ್ಯಾಲರಿಯ ನಲ್ಲಿಯ ಹತ್ತಿರ ಬೇವಿನ ನೀರಿನ ಬಕೆಟ್ಟು ಕಾದಿತ್ತು. ತಾನು ಸೀರೆ ಸಮೇತ ತಲೆಯ ಮೇಲೆ ಸುರುವಿಕೊಂಡಳು, ಆಮೇಲೆ ನನ್ನನ್ನು ಎಳೆದು ಸುರಿದಳು. ಮರಿಯನ್ನು ಬಿಡುತ್ತಾಳೆ ಅಂದುಕೊಂಡಿದ್ದೆ. ಅದನ್ನೂ ಬಿಡಲಿಲ್ಲ; ಕುತ್ತಿಗೆ ಹಿಡಿದು ಬೇವಿನ ನೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ ತೊಳೆದಳು. ಅದು ಕಿರುಚಿತು, ನಾನೂ ಕಿರುಚಿದೆ. ಸೀರೆಯ ತುಂಡನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದು ಹಗ್ಗದ ಮೇಲೆ ಹರವಿದಳು. ಹೊಸ್ತಿಲಲ್ಲಿ ಕೂತ ಆಯಿ ಕೇಳಿದಳು: "ಮನಷ್ಯಾರ ಸೂತಕ ಬೆಕ್ಕಿಗೂ ಹತ್ತತೇತೇನ ಹುಚ್ಚಿ?" ಸಂಜೆ ನಾನು ಆ ತುಂಡನ್ನು ಮೂಸಿ ನೋಡಿದೆ. ಅವ್ವ ಅದರಲ್ಲಿ ಇರಲಿಲ್ಲ. ಆ ಕ್ಷಣದಿಂದ ದೊಡ್ಡವ್ವನ ಕೈಯಿಂದ ಏನನ್ನೂ ತಿನ್ನಬಾರದೆಂದು ಹಟ ಹಿಡಿದೆ. ಆಯಿಯ ಡಬ್ಬಿಯಲ್ಲಿದ್ದ ಬಿಸ್ಕಿಟು ತಿಂದುಕೊಂಡಿದ್ದೆ, ದೊಡ್ಡವ್ವನ ರೊಟ್ಟಿ ಮುಟ್ಟಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ತಾಟು ಇಡುತ್ತಿದ್ದಳು, ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತಿದ್ದಳು.

ಮರಿಯ ಪಾಡು ಇನ್ನೂ ಕೆಟ್ಟದಾಗಿತ್ತು. ನೆಲದ ಮೇಲೆ ಇಟ್ಟ ತಕ್ಷಣ ಸಾವಕಾರನ ರೋಮ ನಿಮಿರಿ ಮೈ ಎರಡು ಪಟ್ಟಾಯಿತು. ಗೌಡತಿ ಚೀಲದ ಮೇಲಿಂದಲೇ ಹಲ್ಲು ಕಿರಿದು ಫುಸ್ ಅಂದಳು, ಇಳಿದು ಹೊರಗೆ ಹೋದಳು, ರಾತ್ರಿ ಒಳಗೆ ಬರಲೇ ಇಲ್ಲ. ಒಂದೇ ಖೋಲಿಯಲ್ಲಿ ಮರಿಯನ್ನು ಬೇರೆ ಎಲ್ಲಿ ಇಡುವುದು? ದೊಡ್ಡವ್ವ ದೊಡ್ಡ ರೊಟ್ಟಿ ಬುಟ್ಟಿಯೊಂದನ್ನು ಅದರ ಮೇಲೆ ಬೋರಲು ಹಾಕಿ, ಮೇಲೆ ಒಂದು ಕಲ್ಲು ಹೇರಿದಳು. ಸಾವಕಾರ ಆ ಬುಟ್ಟಿಯ ಸುತ್ತ ಗುರುಗುಡುತ್ತ ತಿರುಗುವುದು, ಬಿದಿರಿನ ಸಂದಿಯಲ್ಲಿ ಕಾಲು ತೂರಿಸುವುದು, ಒಳಗೆ ಮರಿ ಮೂಲೆ ಹುಡುಕುವುದು. ಬುಟ್ಟಿಗೆ ಮೂಲೆ ಎಲ್ಲಿರುತ್ತದೆ? ನಾನು ಪಕ್ಕದಲ್ಲೇ ಕೂತು ಕಾಯುತ್ತಿದ್ದೆ. ಶಾಲೆಗೆ ಇನ್ನೂ ಹಾಕಿರಲಿಲ್ಲ. ಗೌಡತಿ ಹೊರಗೇ ಉಳಿದಿದ್ದರಿಂದ ಇಲಿಗಳಿಗೆ ಸುಗ್ಗಿಯಾಯಿತು. ಒಂದು ಬೆಳಿಗ್ಗೆ ಹೊಸ ಚೀಲದ ಬುಡ ಕಡಿದು ಹಿಟ್ಟು ನೆಲದ ಮೇಲೆ ಸುರಿದಿತ್ತು. ದೊಡ್ಡವ್ವ ಅದನ್ನು ಬಳಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಗೌಡತಿ ಒಪ್ಪಿದ್ರ ಇರ್ಲಿ. ಇಲ್ಲಂದ್ರ ಮೀನಿನ ಮಾರ್ಕೆಟ್ಟಿನ್ಯಾಗ ಬಿಟ್ಟ ಬರ್ತೀನಿ, ಅಲ್ಲಿ ಹೊಟ್ಟಿಗೆ ಏನರ ಸಿಗತೇತಿ." ಆ ಮನೆಗೆ ಹೊರಗಿನಿಂದ ಬಂದವರು ನಾನು, ಮರಿ ಇಬ್ಬರೇ. ಅದನ್ನು ಬಿಟ್ಟು ಬರುವವಳು ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾಳೆ?

ಅದೇ ದಿನ ಅನಾಹುತವಾಯಿತು. ದೊಡ್ಡವ್ವ ಹಂಚಿನ ಮುಂದೆ ಕೂತಿದ್ದಾಗ ಸಾವಕಾರ ಚೀಲದ ಮೇಲಿಂದ ಬುಟ್ಟಿಯ ಮೇಲೆ ಹಾರಿದ. ಕಲ್ಲು ಉರುಳಿತು, ಬುಟ್ಟಿ ಮಗುಚಿತು, ಮರಿ ಗೋಡೆಗೆ ಒತ್ತಿಕೊಂಡಿತು. ನನಗೆ ಬೇರೇನೂ ತಿಳಿಯಲಿಲ್ಲ, ನಡುವೆ ಕೈ ಹಾಕಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರು ಎದ್ದು ರಕ್ತ ಒಸರಿತು. ದೊಡ್ಡವ್ವ ಎದ್ದು ಬಂದು ಸಾವಕಾರನನ್ನು ಹೊರಗೆ ಅಟ್ಟಿ, ನನ್ನ ಕೈಗೆ ಅರಿಸಿಣ ಒತ್ತಿದಳು. ಅವಳ ಮೂಗಿನ ತುದಿಯಲ್ಲಿ ಹಿಟ್ಟು ಹತ್ತಿತ್ತು. "ಸಾಕಿನ್ನ. ನಾಳೆ ಸಂಜೀಕ ಒಯ್ದ ಬಿಡ್ತೀನಿ" ಅಂದಳು.

ಆಗ ಆಯಿ ಹೊಸ್ತಿಲಿಂದ, "ತಾ ಇಲ್ಲಿ ಅದನ್ನ" ಅಂದಳು. ಮರಿಯನ್ನು ಮಡಿಲಲ್ಲಿ ಹಾಕಿಕೊಂಡು, ಅದರ ನೆತ್ತಿ, ಹೊಟ್ಟೆ, ಬಾಲ ಎಲ್ಲ ಮೂಸಿದಳು. ಕಣ್ಣಿನ ಕೆಲಸವನ್ನು ಮೂಗಿನಿಂದ ಮಾಡುವ ಅಭ್ಯಾಸ ಅವಳಿಗಾಗಿತ್ತು. "ಇದರ ಮೈಯಾಗ ಬೆಕ್ಕಿನ ವಾಸನೀನ ಇಲ್ಲಲೇ. ಬರೇ ಬೇವು, ಬರೇ ಸಾಬೂನು. ಯಾವ ಬೆಕ್ಕು ಇದನ್ನ ತನ್ನದು ಅಂತ ತಿಳೀತೈತಿ? ಗೌಡತಿ ಮಲಗೂ ಜಾಗಾದಾಗ ಒಂದು ಅರಿವಿ ಹಾಸ. ನಾಳೆ ಅದನ್ನ ಇದಕ್ಕ ಸುತ್ತು." ದೊಡ್ಡವ್ವ ಗೋಣಿಚೀಲದ ತುಂಡೊಂದನ್ನು ಎಳೆದಳು. "ಬ್ಯಾಡ, ಚುಚ್ಚತೇತಿ. ಮೆತ್ತನ್ನ ಹಳೇ ಸೀರಿ ಬೇಕು" ಅಂದಳು ಆಯಿ. ಮರಿ ಮೊದಲಿಂದ ಮಲಗಿದ್ದ ಮೆತ್ತನೆಯ ಸೀರೆ ಯಾವುದೆಂದು ಮೂವರಿಗೂ ಗೊತ್ತಿತ್ತು. ಅದನ್ನು ನಾನು ಅಂಗಿಯ ಒಳಗೆ ಸಿಕ್ಕಿಸಿಕೊಂಡಿದ್ದೆ. ಒಗೆದು ವಾಸನೆ ಹೋಗಿದ್ದರೂ ಅದು ಅವ್ವನದು. ದೊಡ್ಡವ್ವ ಕೇಳಲಿಲ್ಲ. ಕೈ ಚಾಚಿ ಕಸಿದುಕೊಂಡಿದ್ದರೆ ನಾನು ಬಹುಶಃ ಇವತ್ತಿಗೂ ಅವಳನ್ನು ಕ್ಷಮಿಸುತ್ತಿರಲಿಲ್ಲ. ಅವಳು ನನ್ನ ಮುಂದೆ ಕೂತು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಇದ್ದಳು. ನಾನೇ ತೆಗೆದು ಕೊಟ್ಟೆ. ಅವಳು ಅದನ್ನು ಗೌಡತಿಯ ಚೀಲದ ಮೇಲೆ ಹಾಸಿ, ಕಣ್ಣು ಒರೆಸಿಕೊಂಡಳು. ಅವ್ವ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಂಗಿ ಅವಳಿಗೂ ಹೋಗಿದ್ದಳಲ್ಲ, ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಬುಟ್ಟಿ ಮರಿ ಎರಡನ್ನೂ ಆಯಿ ಆ ಸಂಜೆ ಗ್ಯಾಲರಿಗೆ ಒಯ್ದು ತನ್ನ ಹತ್ತಿರ ಇಟ್ಟುಕೊಂಡಳು, ಮನೆಯಲ್ಲಿ ಮರಿ ಇಲ್ಲವೆಂದು ಗೌಡತಿ ಒಳಗೆ ಬಂದಳು, ಸೀರೆಯ ಮೇಲೆ ಮಲಗಿದಳು. ಮರುದಿನ ಮಧ್ಯಾಹ್ನ ದೊಡ್ಡವ್ವ ಒಲೆ ಆರಿಸಿ ಬಾಗಿಲು ಹಾಕಿದಳು. ಸಾವಕಾರ ಹೊರಗೆ. ಬೆಚ್ಚಗಿದ್ದ ಸೀರೆಯ ತುಂಡಿನಿಂದ ಮರಿಯ ಮೈಯೆಲ್ಲ ಒರೆಸಿ, ಅದರಲ್ಲೇ ಸುತ್ತಿ ನೆಲದ ಮೇಲಿಟ್ಟಳು. ಬುಟ್ಟಿ ಹಾಕಲಿಲ್ಲ. ಗೌಡತಿ ಚೀಲದಿಂದ ಇಳಿದಳು. ಒಂದು ಹೆಜ್ಜೆ ಇಟ್ಟು ನಿಂತಳು, ಇನ್ನೊಂದು ಇಟ್ಟು ನಿಂತಳು. ಕೆಳಗೆ ಯಾರೋ ನಲ್ಲಿ ಬಿಟ್ಟ ಸದ್ದಿಗೆ ಅವಳ ಕಿವಿ ಹಿಂದಕ್ಕೆ ಮಡಚಿಕೊಂಡಿತು. ನನ್ನ ಗೀರು ಬಿದ್ದ ಕೈಯನ್ನು ದೊಡ್ಡವ್ವ ಯಾವಾಗ ಹಿಡಿದುಕೊಂಡಳೋ ತಿಳಿಯದು, ಹಿಡಿತ ನೋಯುತ್ತಿತ್ತು. ಗೌಡತಿ ಸೀರೆಯನ್ನು ಮೂಸಿದಳು. ಮರಿ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಅವಳು ಮುಂಗಾಲು ಎತ್ತಿದಳು. "ಯವ್ವಾ" ಅಂದಳು ದೊಡ್ಡವ್ವ, ಬಾಯೊಳಗೇ. ಆ ಕಾಲು ಮರಿಯ ಬೆನ್ನ ಮೇಲೆ ಬಂತು, ಉಗುರು ಇರಲಿಲ್ಲ. ಅದನ್ನು ನೆಲಕ್ಕೆ ಒತ್ತಿ ಹಿಡಿದು, ಬೇವಿನ ನೀರು ಕುಡಿದ ಆ ನೆತ್ತಿಯನ್ನು ಗೌಡತಿ ನೆಕ್ಕತೊಡಗಿದಳು. ಕೊಳೆ ಹೋಗಿಲ್ಲವೆಂಬಂತೆ, ನೀವು ತೊಳೆದದ್ದು ನನಗೆ ಸಾಲದೆಂಬಂತೆ, ತಪ್ಪದೆ ಉದ್ದಕ್ಕೂ ನೆಕ್ಕಿದಳು.

"ಏನಾತ? ಯಾರರ ಹೇಳ್ರಿ" ಅಂದಳು ಹೊರಗಿನಿಂದ ಆಯಿ. ದೊಡ್ಡವ್ವ ನನ್ನ ಕೈ ಬಿಟ್ಟು ಎದ್ದು, ತಾಟಿನಲ್ಲಿ ಒಂದು ರೊಟ್ಟಿ ಇಟ್ಟು ನನ್ನ ಮುಂದೆ ಸರಿಸಿದಳು. ನಾನು ಮುರಿದು ಬಾಯಿಗೆ ಹಾಕಿಕೊಂಡೆ. "ಚಟ್ನಿ ಬೇಕೇನ?" ಅಂದಳು. ಬೇಕು ಅಂದೆ.

ಸಾವಕಾರ ಮಾತ್ರ ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡೇ ಇದ್ದ, ಕಡೆಗೆ ಅವನೂ ಸೋತ. ಒಬ್ಬೊಬ್ಬರಾಗಿ ಎಲ್ಲರೂ ಹೋದರು: ಆಯಿ, ಸಾವಕಾರ, ಗೌಡತಿ, ನಮ್ಮ ಬೂದು ಮರಿ ಮುದುಕಿಯಾಗಿ. ಚಾಳು ಒಡೆದು ಅಲ್ಲಿ ಬಿಲ್ಡಿಂಗ್ ಎದ್ದಿತು. ದೊಡ್ಡವ್ವನಿಗೆ ಏಳನೇ ಮಾಳಿಗೆಯಲ್ಲಿ ಎರಡು ಖೋಲಿ ಸಿಕ್ಕವು, ಇಲಿ ಇರಲಿಲ್ಲ, ಬೆಕ್ಕೂ ಬರಲಿಲ್ಲ. ನನ್ನ ಮದುವೆಯ ಹಿಂದಿನ ದಿನ ಬಳೆ ಇಡಿಸಿಕೊಳ್ಳುತ್ತ ಕೂತಾಗ ಕೈಯ ಗೀರಿನ ಕಲೆ ಅವಳ ಕಣ್ಣಿಗೆ ಬಿತ್ತು. ಮರಿಯನ್ನು ನಿಜವಾಗಿಯೂ ಮಾರ್ಕೆಟ್ಟಿನಲ್ಲಿ ಬಿಟ್ಟು ಬರುತ್ತಿದ್ದೆಯಾ ಎಂದು ಕೇಳಿದೆ. "ಬಿಡ್ತಿದ್ನೋ ಏನೋ, ಯಾರಿಗ್ಗೊತ್ತು" ಅಂದಳು. ಆಮೇಲೆ ಬಳೆಗಾರ್ತಿಗೆ ಕೇಳಿಸದಂತೆ, "ಬೆಕ್ಕಿನ ಚಿಂತಿ ನನಗ ಎಲ್ಲಿತ್ತವಾ. ನೀ ಒಂದು ತುತ್ತು ಉಂಡ್ರ ಸಾಕಾಗಿತ್ತು. ನೀ ನನ್ನ ಒಪ್ಪತೀಯೋ ಇಲ್ಲೋ ಅಂತ ಜೀವಾ ಕೈಯಾಗ ಹಿಡಕೊಂಡಿದ್ದೆ" ಅಂದಳು.

ಬಾತ್‌ರೂಮಿನ ಬಾಗಿಲನ್ನು ಗಂಡ ತಟ್ಟಿದಾಗ ಬಕೆಟ್ಟಿನ ನೀರು ಆರಿ ಹೋಗಿತ್ತು. ಎದ್ದು ತಣ್ಣಗಿನ ನೀರನ್ನೇ ತಲೆಯ ಮೇಲೆ ಸುರುವಿಕೊಂಡೆ, ಉಟ್ಟ ಸೀರೆಯನ್ನು ನೆನೆಸಿದೆ, ದೊಡ್ಡವ್ವ ಕಲಿಸಿದಂತೆ ಎಲ್ಲವನ್ನೂ ಮಾಡಿದೆ. ಅರಿವೆಯನ್ನು ಮಾತ್ರ ನೀರಿಗೆ ಹಾಕಲಿಲ್ಲ. ಒಣಗಿ ಬಿರುಸಾಗಿದೆ, ಮಡಿಕೆಗಳಲ್ಲಿ ಬಿಳಿ ಹಿಟ್ಟು ಅಂಟಿದೆ. ಕಪಾಟಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ವಾಸನೆ ಇನ್ನೂ ಇದೆ, ದಿನದಿನಕ್ಕೆ ಕಡಿಮೆಯಾಗುತ್ತಿದೆ. ಅದಕ್ಕೇ ಹೆಚ್ಚು ಸಲ ತೆಗೆಯುವುದಿಲ್ಲ.